ಒದ್ದೆ ಎಲೆಯ ತಕರಾರು

ಊಟ ಮುಗಿದ ಮೇಲೆ ಸಲಾಡ್ ಬೋಗುಣಿಯ ತಳದಲ್ಲಿ ಒಂದಷ್ಟು ನೀರು ನಿಂತಿರುತ್ತದಲ್ಲ, ಅದನ್ನು ಕಂಡರೆ ನನಗೆ ಕಿರಿಕಿರಿ. ಹಿಂಡಿದ ನಿಂಬೆಹಣ್ಣು, ಹಾಕಿದ ಎಣ್ಣೆ, ಉಪ್ಪು, ಮೆಣಸಿನ ಪುಡಿ ಎಲ್ಲ ಆ ನೀರಿನಲ್ಲೇ ಇರುತ್ತವೆ. ಎಲೆ ಮಾತ್ರ ಸಪ್ಪೆ. ತಿಂದವರು "ಈ ಲೆಟ್ಯೂಸ್‌ಗೆ ರುಚಿಯೇ ಇಲ್ಲ ಕಣ್ರಿ" ಅಂತಾರೆ. ರುಚಿ ಎಲ್ಲೂ ಹೋಗಿಲ್ಲ, ತಳದಲ್ಲಿ ಕೂತಿದೆ. ಅದನ್ನು ಕಲಗಚ್ಚಿನ ಬಕೆಟ್‌ಗೆ ಸುರಿದು ಬೋಗುಣಿ ತೊಳೆದಿಡುತ್ತಾರೆ, ಅಷ್ಟೇ.

ಚಿಕ್ಕಮಗಳೂರಿಗೆ ಲೆಟ್ಯೂಸ್ ಈಗ ಹೊಸದೇನಲ್ಲ. ಹೋಂಸ್ಟೇಗಳು ಹೆಚ್ಚಾದ ಹಾಗೆ ಅದೂ ಜಾಸ್ತಿಯಾಯಿತು. ಶನಿವಾರ ಭಾನುವಾರ ಬೆಂಗಳೂರಿನಿಂದ ಬರುವವರಿಗೆ ಕಡುಬೂ ಬೇಕು, ಅಕ್ಕಿರೊಟ್ಟಿಯೂ ಬೇಕು, ಮಕ್ಕಳಿಗೆ ಸ್ಯಾಂಡ್‌ವಿಚ್ಚೂ ಬೇಕು. ಪೇಟೆಯ ದೊಡ್ಡ ತರಕಾರಿ ಅಂಗಡಿಗಳಲ್ಲಿ ಬ್ರೊಕೊಲಿ, ಕೆಂಪು ಕೋಸಿನ ಪಕ್ಕ ಪ್ಲಾಸ್ಟಿಕ್ ಸುತ್ತಿಕೊಂಡ ಐಸ್‌ಬರ್ಗ್ ಲೆಟ್ಯೂಸಿನ ಉಂಡೆಗಳು ಕೂತಿರುತ್ತವೆ. ಕೆಲವರು ತಾರಸಿಯ ಮೇಲೆ ಗ್ರೋಬ್ಯಾಗ್‌ನಲ್ಲಿ ಬೆಳೆಯುತ್ತಾರೆ. ನಾನೂ ಬೆಳೆಯುತ್ತೇನೆ. ಆದರೆ ಎಲೆ ಅಡುಗೆಮನೆಗೆ ಬಂದ ಮೇಲೆ, ತಟ್ಟೆಗೆ ಹೋಗುವ ಮುಂಚೆ, ಅದಕ್ಕೊಂದು ಉಪಚಾರ ಬೇಕು ಅಂತ ಯಾರಿಗೂ ಅನ್ನಿಸಿದ ಹಾಗಿಲ್ಲ. ತೊಳೆದರು, ಹೆಚ್ಚಿದರು, ಹಾಕಿದರು. ಕೆಲವು ಕಡೆ ಅದು ತಿನ್ನುವ ಪದಾರ್ಥವೇ ಅಲ್ಲ, ಸೌತೆಕಾಯಿ ಬಿಲ್ಲೆಗಳ ಅಡಿಗೆ ಚೆಂದಕ್ಕೆ ಹಾಸುವ ಎಲೆ. ನೆಂಟರ ಮನೆಯ ಗೃಹಪ್ರವೇಶವೊಂದರಲ್ಲಿ ಮೇಲಿನ ಸೌತೆಕಾಯಿ, ಟೊಮೆಟೊ ಎಲ್ಲ ಖಾಲಿಯಾಗಿ ಕೆಳಗಿನ ಲೆಟ್ಯೂಸ್ ಹಾಸಿದ ಹಾಗೇ ಉಳಿಯಿತು. ಅಷ್ಟನ್ನೂ ಒಯ್ದು ಪಕ್ಕದ ಮನೆಯ ದನಕ್ಕೆ ಹಾಕಿದರು. ಅವತ್ತು ಆ ಎಲೆಯನ್ನು ಮರ್ಯಾದೆ ಕೊಟ್ಟು ತಿಂದದ್ದು ಆ ದನ ಒಂದೇ.

ಸೊಪ್ಪಿಗೂ ನೀರಿಗೂ ಜಗಳವಿಲ್ಲದ ಊರು

ಇದು ಸೋಮಾರಿತನ ಅಂತ ನನಗೆ ಅನ್ನಿಸುವುದಿಲ್ಲ. ಸೊಪ್ಪು ಸೋಸುವುದರಲ್ಲಿ ನಮ್ಮವರನ್ನು ಮೀರಿಸುವವರು ಯಾರಿದ್ದಾರೆ? ಟಿವಿ ನೋಡುತ್ತಾ ಮೊರದ ತುಂಬ ದಂಟಿನ ಸೊಪ್ಪು ಬಿಡಿಸುವವರು ನಾವು. ಹುಳ ತಿಂದದ್ದು ಒಂದೆಡೆ, ಬಲಿತ ದಂಟು ಒಂದೆಡೆ. ಮಲೆನಾಡಿನ ಕಡೆ ಕೆಸು, ಬಸಳೆ, ಚಕ್ರಮುನಿ, ಗದ್ದೆ ಬದುವಿನ ಒಂದೆಲಗ. ಕಡೂರು, ಅರಸೀಕೆರೆ ಕಡೆ ಇಳಿದರೆ ಹೊಲದ ಬೆರಕೆ ಸೊಪ್ಪು. ಆದರೆ ಇದೆಲ್ಲ ಹೋಗುವುದು ಒಲೆಯ ಮೇಲಿನ ಪಾತ್ರೆಗೆ. ತೊಳೆದ ಸೊಪ್ಪಿನಿಂದ ನೀರು ತೊಟ್ಟಿಕ್ಕುತ್ತಾ ಇದ್ದರೂ ನಡೆಯುತ್ತದೆ, ಬೇಯೋಕೆ ಅದೇ ನೀರು ಸಾಕು. ಬಸ್ಸಾರಿನಲ್ಲಂತೂ ಬೇಯಿಸಿ ಬಸಿದ ನೀರೇ ಸಾರು. ತಂಬುಳಿಗೆ ಮಜ್ಜಿಗೆ ಹಾಕುತ್ತೇವೆ, ಎಲೆ ಒದ್ದೆಯೋ ಒಣವೋ ಯಾರು ಕೇಳುತ್ತಾರೆ. ಸೊಪ್ಪಿಗೆ ಅಂಟಿದ ನೀರು ಊಟ ಕೆಡಿಸುತ್ತದೆ ಅನ್ನುವ ಪ್ರಸಂಗವೇ ನಮ್ಮ ಅಡುಗೆಯಲ್ಲಿ ಹೆಚ್ಚು ಬರುವುದಿಲ್ಲ. ಹಾಗಾಗಿ ತೊಳೆದ ಮೇಲೆ ಒಣಗಿಸುವ ಅಭ್ಯಾಸ ಕೈಗೆ ಬರಲಿಲ್ಲ.

ಹಸಿ ಎಲೆ ಅಂದರೆ ಹಿರಿಯರು ಮೂಗು ಮುರಿಯುತ್ತಿದ್ದುದಕ್ಕೂ ಕಾರಣವಿದೆ. "ನಾವೇನು ದನವಾ?" ಅನ್ನೋದು ಮೇಲಿನ ಮಾತು. ಕೆಳಗೆ ಅನುಭವ ಇತ್ತು. ಕೆಸುವಿನ ಎಲೆ ಹಸಿಯಾಗಿ ಬಾಯಿಗಿಟ್ಟರೆ ಗಂಟಲೆಲ್ಲ ತುರಿಸುತ್ತದೆ. ಅದರೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಯಂಥ ಹರಳುಗಳ ಕೆಲಸ ಅದು. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕೇ. ಇನ್ನು ನೀರು. ಹಳ್ಳದ ನೀರು, ಕೆರೆ ನೀರು ಹರಿದ ಮಡಿಯಲ್ಲಿ ಬೆಳೆದದ್ದನ್ನು ಬೇಯಿಸದೆ ತಿನ್ನಬಾರದು ಅಂತ ಯಾರೂ ಪುಸ್ತಕ ಓದಿ ಹೇಳಲಿಲ್ಲ, ಹೊಟ್ಟೆ ಕೆಟ್ಟು ಕಲಿತರು. ಆ ಭಯ ಹಳೇ ಕಾಲದ್ದು ಅಂತ ತಳ್ಳಿಹಾಕೋ ಹಾಗೂ ಇಲ್ಲ. 2018ರಲ್ಲಿ ಅಮೆರಿಕದಲ್ಲಿ ರೊಮೇನ್ ಲೆಟ್ಯೂಸ್ ತಿಂದು 210 ಜನ ಕಾಯಿಲೆ ಬಿದ್ದರು, ಐವರು ಸತ್ತರು. ಎಲೆ ಅರಿಝೋನಾದ ಯೂಮಾ ಕಡೆಯ ಹೊಲಗಳದ್ದು. ಆ ಕಾಯಿಲೆ ತಂದ ಇ-ಕೊಲಿ ಬ್ಯಾಕ್ಟೀರಿಯಾವೇ ಅಲ್ಲಿನ ಕಾಲುವೆ ನೀರಲ್ಲೂ ಸಿಕ್ಕಿತು. ಅಷ್ಟು ದೊಡ್ಡ ವ್ಯವಸ್ಥೆ ಇರುವ ದೇಶದಲ್ಲೂ ಕೊನೆಗೆ ಪ್ರಶ್ನೆ ಬಂದು ನಿಂತದ್ದು ಗಿಡಕ್ಕೆ ಬಿಟ್ಟ ನೀರು ಯಾವುದು ಅನ್ನುವಲ್ಲಿಗೇ. ತೊಳೆದರೆ ಕೊಳೆ ಹೋಗುತ್ತದೆ, ಒಂದಷ್ಟು ರೋಗಾಣುವೂ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಬಸುರಿಯರಿಗೆ, ತೀರಾ ಚಿಕ್ಕ ಮಕ್ಕಳಿಗೆ, ಕಾಯಿಲೆಯಿಂದ ಎದ್ದವರಿಗೆ ಎಲ್ಲಿಂದ ಬಂತೋ ಗೊತ್ತಿಲ್ಲದ ಹಸಿ ಎಲೆ ನಾನು ಬಡಿಸುವುದಿಲ್ಲ. ಅವರಿಗೆ ಪಲ್ಯ ಇದೆ.

ಆದರೂ ಒಂದು ಹಸಿ ಎಲೆ ತಿನ್ನುತ್ತಿದ್ದೆವಲ್ಲ

ಹಸಿ ಎಲೆ ತಿನ್ನಲ್ಲ ಅನ್ನುತ್ತಿದ್ದ ಅದೇ ಹಿರಿಯರು ದಿನಕ್ಕೆ ಎಷ್ಟು ಸಲ ವೀಳ್ಯದೆಲೆ ಜಗಿಯುತ್ತಿದ್ದರು! ಮದುವೆ, ನಾಮಕರಣ, ಜಗಳ ಬಿಡಿಸೋಕೆ ಕೂತ ಪಂಚಾಯ್ತಿ, ಎಲ್ಲದಕ್ಕೂ ಎಲೆಯಡಿಕೆ ಮೊದಲು. ಬೇಯಿಸುವ ಮಾತೇ ಇಲ್ಲದ, ಪೂರಾ ಹಸಿ ಎಲೆ ಅದು. ಅದರ ವಿಷಯದಲ್ಲಿ ಅವರು ಎಷ್ಟು ಸೂಕ್ಷ್ಮ ಅಂದರೆ, ಲೆಟ್ಯೂಸ್‌ಗೆ ಬೇಕಾದ ಉಪಚಾರವೆಲ್ಲ ಅದರಲ್ಲೇ ಇದೆ ಅಂತ ನನಗೆ ಈಚೆಗೆ ಅನ್ನಿಸೋಕೆ ಶುರುವಾಗಿದೆ.

ಆಲ್ದೂರಿನ ಕಡೆಯ ನಮ್ಮ ಹಳೇ ಮನೆಯ ಜಗಲಿಯಲ್ಲಿ ಅಜ್ಜಿ ಎಲೆ ತಟ್ಟೆ ಮುಂದಿಟ್ಟುಕೊಂಡು ಕೂರುತ್ತಿದ್ದುದು ಕಣ್ಣಿಗೆ ಕಟ್ಟಿದ ಹಾಗಿದೆ. ಎಲೆ ಕಟ್ಟು ಸಂತೆಯಿಂದ ಬಂದ ಕೂಡಲೇ ಬಿಚ್ಚಬೇಕು. ಒಂದೊಂದೇ ಎಲೆ ತಿರುವಿ ನೋಡಬೇಕು. ಅಂಚು ಕಪ್ಪಾದದ್ದು, ಲೋಳೆಯಾದದ್ದು ಇದ್ದರೆ ತೆಗೆದು ಬಿಸಾಕಬೇಕು, ಇಲ್ಲದಿದ್ದರೆ ನಾಳೆಗೆ ಪಕ್ಕದ್ದೂ ಹೋಯಿತು. ಉಳಿದದ್ದನ್ನು ತೇವದ ಬಟ್ಟೆಯಲ್ಲಿ ಸುತ್ತಿ, ಬಾಳೆಪಟ್ಟೆಯೊಳಗೆ ಇಟ್ಟು, ತಂಪು ಮೂಲೆಯಲ್ಲಿ ಇಡುತ್ತಿದ್ದಳು. ಬಟ್ಟೆ ತೇವ ಇರಬೇಕು, ನೀರು ಇಳಿಯಬಾರದು. ಅದಕ್ಕೆ ಬಟ್ಟೆಯನ್ನು ಎರಡು ಸಲ ಹಿಂಡುತ್ತಿದ್ದಳು, ಎರಡನೇ ಸಲ ಹಲ್ಲು ಕಚ್ಚಿ.

ತಿನ್ನುವ ಹೊತ್ತಿಗೆ ಇನ್ನೊಂದು ಕ್ರಮ. ಎಲೆ ಎತ್ತಿಕೊಂಡು ತೊಟ್ಟು ಮುರಿದು, ತುದಿ ಚಿವುಟಿ, ಸೆರಗಿನಲ್ಲಿ ಮುಂದೆ ಹಿಂದೆ ಒರೆಸುವುದು. ಹಿಂಬದಿಯ ದಪ್ಪ ನಾರನ್ನು ಉಗುರಿನಲ್ಲಿ ಸರ್ರನೆ ಎಳೆಯುವುದು. ಆಮೇಲೆ ಸುಣ್ಣ. ನಾನೊಮ್ಮೆ ಮಳೆಗಾಲದಲ್ಲಿ ಎಲೆ ತೊಳೆದು ಹಾಗೇ ತಂದು ಕೈಗಿಟ್ಟಿದ್ದಕ್ಕೆ ಸುಣ್ಣದ ಬೆರಳನ್ನು ಅರ್ಧಕ್ಕೇ ನಿಲ್ಲಿಸಿದಳು. "ಒದ್ದೆ ಎಲೆಗೆ ಸುಣ್ಣ ಹತ್ತಲ್ಲ ಮಗ, ಒಂದು ಕಡೆ ಹೋಗಿ ಕೂರುತ್ತೆ" ಅಂದಳು. ಎಲೆಯನ್ನು ಮತ್ತೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಸುಣ್ಣವನ್ನು ತೆಳ್ಳಗೆ, ಅಂಚಿನ ತನಕ ಬಳಿದಳು. ಎಲೆಯ ಅಷ್ಟೂ ಜಾಗಕ್ಕೆ ಒಂದೇ ಸಮ. ಸುಣ್ಣ ಒಂದೇ ಕಡೆ ಗುಡ್ಡೆಯಾದರೆ ಬಾಯಿ ಸುಡುತ್ತದೆ ಅಂತ ಅವಳ ಲೆಕ್ಕ.

ಸಲಾಡಿನ ಎಣ್ಣೆ, ಹುಳಿಯ ಲೆಕ್ಕವೂ ಅದೇ ಅಲ್ವಾ? ಎಣ್ಣೆ ನೀರಿನ ಜೊತೆ ಸೇರುವುದಿಲ್ಲ. ಎಲೆಯ ಮೇಲೆ ನೀರಿನ ಪದರ ಇದ್ದರೆ ಎಣ್ಣೆಗೆ ಹಿಡಿದುಕೊಳ್ಳೋಕೆ ಜಾಗವಿಲ್ಲ, ಜಾರಿ ತಳಕ್ಕೆ ಹೋಗುತ್ತದೆ. ನಿಂಬೆರಸ ಆ ನೀರಿನಲ್ಲಿ ಕರಗಿ ತೆಳ್ಳಗಾಗುತ್ತದೆ. ಆಗ ನಾವು ಇನ್ನಷ್ಟು ಉಪ್ಪು, ಇನ್ನಷ್ಟು ಹುಳಿ ಹಾಕುತ್ತೇವೆ. ಅದೂ ತಳಕ್ಕೇ ಹೋಗುತ್ತದೆ.

ಮಣ್ಣು, ಹುಳ, ಹಳೇ ಪಂಚೆ

ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಬುಡ. ಲೆಟ್ಯೂಸಿನ ಬುಡ ಕತ್ತರಿಸಿದರೆ ಬಿಳಿ ಹಾಲು ಜಿನುಗುತ್ತದೆ, ನಾಲಿಗೆಗೆ ತಾಗಿಸಿ ನೋಡಿ, ಕಹಿ. ಗಿಡದ ಕಹಿಗೆ ಕಾರಣವಾದ ಲ್ಯಾಕ್ಟುಸಿನ್ ಮೊದಲಾದವು ಇರುವುದು ಆ ಹಾಲಿನಲ್ಲೇ. ಬುಡ ತೆಗೆದ ಮೇಲೆ ಎಲೆಗಳನ್ನು ಒಂದೊಂದಾಗಿ ಬಿಡಿಸಬೇಕು. ಐಸ್‌ಬರ್ಗ್ ಉಂಡೆಯ ಒಳಗೆ ಅಷ್ಟು ಮಣ್ಣು ಹೋಗಿರುವುದಿಲ್ಲ. ಬಿಡಿ ಎಲೆಯ ಜಾತಿಗಳಲ್ಲಿ, ಅದರಲ್ಲೂ ಅಂಚು ಸುರುಟಿಕೊಂಡ ಕೆಂಪು ಲೊಲ್ಲೊ ರೊಸ್ಸೊದಲ್ಲಿ, ಎಲೆಯ ಬುಡ ದೋಣಿಯ ಹಾಗೆ ಬಾಗಿರುತ್ತದೆ. ಮಳೆ ಹನಿ ಎರಚಿದ ಕೆಂಪು ಮಣ್ಣೆಲ್ಲ ಅಲ್ಲಿ ಕೂತಿರುತ್ತದೆ. ನನ್ನ ಚೀಲದ ಗಿಡಗಳಲ್ಲಿ ಆ ಸಂದಿಯಲ್ಲೇ ಹಸಿರು ಗಿಡಹೇನು ಸಾಲಾಗಿ ಸಿಗುತ್ತದೆ. ಒಮ್ಮೊಮ್ಮೆ ಚಿಪ್ಪಿಲ್ಲದ ಬಸವನಹುಳು ಒಂದು, ಉಗುರಿನಷ್ಟು, ಎಲೆಯ ಬಣ್ಣಕ್ಕೇ ತಿರುಗಿಕೊಂಡ ಹಾಗೆ ಮಲಗಿರುತ್ತದೆ. ಅಂಗಡಿಯಿಂದ ತಂದ ಎಲೆಯಲ್ಲಿ ಇಷ್ಟೆಲ್ಲ ಜೀವ ಕಾಣುವುದಿಲ್ಲ. ಅದಕ್ಕೆ ಖುಷಿಪಡಬೇಕೋ ಬೇಡವೋ, ಏನು ಹೊಡೆದು ಬೆಳೆದರೋ ಅಂತ ಯೋಚನೆ ಬರುತ್ತದೆ.

ದೊಡ್ಡ ಪಾತ್ರೆಯ ತುಂಬ ತಣ್ಣೀರು, ಅದಕ್ಕೆ ಒಂದು ಮುಷ್ಟಿ ಉಪ್ಪು. ಎಲೆ ಮುಳುಗಿಸಿ ಕೈಯಾಡಿಸಿ ಸ್ವಲ್ಪ ಹೊತ್ತು ಬಿಟ್ಟರೆ ಹುಳಗಳು ಬಿಟ್ಟುಕೊಳ್ಳುತ್ತವೆ. ಆಮೇಲೆ ಎಲೆಯನ್ನು ಎತ್ತಿ ಬೇರೆ ಪಾತ್ರೆಗೆ ಹಾಕಬೇಕು. ಇಲ್ಲಿ ಎಲ್ಲರೂ ಆತುರ ಮಾಡುತ್ತಾರೆ, ಜರಡಿಗೆ ಪಾತ್ರೆಯನ್ನೇ ಬಗ್ಗಿಸಿ ಬಿಡುತ್ತಾರೆ. ತಳಕ್ಕೆ ಇಳಿದಿದ್ದ ಮಣ್ಣೆಲ್ಲ ಮತ್ತೆ ಎಲೆಯ ಮೇಲೆ ಬಂದು ಕೂತಿತು! ಎತ್ತಬೇಕು, ಸುರಿಯಬಾರದು. ಉಪ್ಪುನೀರಲ್ಲಿ ಜಾಸ್ತಿ ಹೊತ್ತು ಬಿಡಲೂಬಾರದು, ಉಪ್ಪು ಎಲೆಯೊಳಗಿನ ನೀರನ್ನು ಎಳೆದುಕೊಂಡು ಮೆತ್ತಗೆ ಮಾಡುತ್ತದೆ. ಆಮೇಲಿನದು ಸಾದಾ ನೀರು, ತಳದಲ್ಲಿ ಮರಳು ಕಾಣದ ತನಕ. ಕೊನೆಯ ಸಲಕ್ಕೆ ಕುಡಿಯುವ ನೀರು. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಎಲ್ಲ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಎಲೆ ಅದನ್ನು ಹೀರಿಕೊಳ್ಳಬಹುದು.

ಬಾಡಿದ ಎಲೆಯನ್ನು ಕಂಡು ಬಿಸಾಕಬೇಡಿ. ಲೆಟ್ಯೂಸಿನ ತೂಕದಲ್ಲಿ ನೂರಕ್ಕೆ 95 ಭಾಗ ಬರೀ ನೀರು. ಅದರ ಗರಿಗರಿ ಅನ್ನೋದು ಜೀವಕೋಶಗಳೊಳಗೆ ತುಂಬಿ ಒತ್ತುತ್ತಿರುವ ಆ ನೀರೇ. ನೀರು ಆರಿದರೆ ಎಲೆ ಜೋಲುತ್ತದೆ. ಫ್ರಿಡ್ಜಿನ ತಣ್ಣೀರಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ ಮುಳುಗಿಸಿಟ್ಟರೆ ನೀರು ಒಳಗೆ ಹೋಗಿ ಮತ್ತೆ ಸೆಟೆದು ನಿಲ್ಲುತ್ತದೆ. ಬುಡವನ್ನು ತೆಳ್ಳಗೆ ಹೊಸದಾಗಿ ಕತ್ತರಿಸಿದರೆ ಇನ್ನೂ ಬೇಗ. ಲೋಳೆ ಬಂದದ್ದು, ವಾಸನೆ ಬಂದದ್ದು ಮಾತ್ರ ಯಾವ ನೀರಿಗೂ ಏಳುವುದಿಲ್ಲ. ಹಾಗಾಗಿ ಲೆಟ್ಯೂಸ್ ಒಂಥರಾ ತಮಾಷೆಯ ಎಲೆ. ಒಳಗೆ ಎಷ್ಟು ನೀರಿದ್ದರೂ ಬೇಕು, ಹೊರಗೆ ಒಂದು ಹನಿಯೂ ಬೇಡ.

ಆ ಹೊರಗಿನ ನೀರು ತೆಗೆಯುವುದಕ್ಕೆ ಈಗ ತಿರುಗಿಸುವ ಪ್ಲಾಸ್ಟಿಕ್ ಬುಟ್ಟಿ ಬರುತ್ತದೆ, ಆನ್‌ಲೈನಲ್ಲಿ ಸಿಗುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ನಮ್ಮ ಅಡುಗೆಮನೆಯಲ್ಲಿ ಅಷ್ಟು ದೊಡ್ಡ ಸಾಮಾನಿಗೆ ಜಾಗವಿಲ್ಲ. ನನಗೆ ಹಳೇ ಹತ್ತಿ ಪಂಚೆಯೇ ಸಾಕು. ಒಗೆದು ಒಗೆದು ಮೆತ್ತಗಾದದ್ದು ಒಳ್ಳೇದು, ಗಂಜಿ ಹೋಗದ ಹೊಸ ಬಟ್ಟೆ ನೀರು ಹೀರುವುದಿಲ್ಲ. ಎಲೆಗಳನ್ನು ಜರಡಿಯಲ್ಲಿ ಚೆನ್ನಾಗಿ ಕೊಡವಿ ಪಂಚೆಯ ನಡುವೆ ಹರಡಿ, ನಾಲ್ಕೂ ತುದಿ ಸೇರಿಸಿ ಗಂಟು ಹಿಡಿದು, ಹಿತ್ತಲಿಗೆ ಹೋಗಿ ಗಿರ್ರನೆ ತಿರುಗಿಸುವುದು. ಅಂಗಳದ ಮೇಲೆ ನೀರಿನ ಹನಿ ಅರ್ಧಚಂದ್ರಾಕಾರದಲ್ಲಿ ಬೀಳುತ್ತದೆ. ಮಕ್ಕಳಿದ್ದರೆ ಈ ಕೆಲಸಕ್ಕೆ ಜಗಳ ಬೀಳುತ್ತಾರೆ. ಒಳಗೆ ತಂದು ಬಿಚ್ಚಿದರೆ ಎಲೆ ಮುಕ್ಕಾಲು ಒಣಗಿರುತ್ತದೆ. ಉಳಿದದ್ದಕ್ಕೆ ಬಟ್ಟೆಯ ಒಣ ಭಾಗದಲ್ಲಿ ಸಡಿಲವಾಗಿ ಸುರುಳಿ ಸುತ್ತಿ ಸ್ವಲ್ಪ ಹೊತ್ತು ಇಟ್ಟರಾಯಿತು. ಎಲೆಯನ್ನು ಹಿಸುಕಬಾರದು, ಒತ್ತಿ ಒರೆಸಬಾರದು. ಹೀಗೆ ಒಣಗಿಸಿದ ಎಲೆಯನ್ನು ಸ್ಟೀಲ್ ಡಬ್ಬಿಯಲ್ಲಿ ಹಿಂಡಿದ ಬಟ್ಟೆಯ ಜೊತೆ ಮುಚ್ಚಿಟ್ಟರೆ ವಾರದ ಹತ್ತಿರ ಇರುತ್ತದೆ. ಫ್ರಿಡ್ಜಿನ ಹಿಂದಿನ ಗೋಡೆಗೆ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಮುಗಿಯಿತು. ಪಕ್ಕದಲ್ಲಿ ಸೇಬು ಇಡಬೇಡಿ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಲೆಟ್ಯೂಸಿನ ನಾರಿನ ಮೇಲೆ ತುಕ್ಕು ಬಣ್ಣದ ಚುಕ್ಕೆ ಏಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು, ಆಗ ಈ ಯಾವ ಸಲಹೆಯೂ ನಡೆಯುವುದಿಲ್ಲ ಬಿಡಿ.

ಹೆಚ್ಚುವುದರ ಬಗ್ಗೆ ಒಂದು ಮಾತು. ಲೋಹ ತಾಗಬಾರದು, ಕೈಯಲ್ಲೇ ಹರಿಯಬೇಕು ಅನ್ನುವ ನಂಬಿಕೆ ಇದೆ. ಅಂಚು ಕೆಂಪಾಗುವುದು ಎಲೆ ಜಜ್ಜಿದಾಗ. ಗಾಯವಾದ ಕಡೆ ಕಿಣ್ವಗಳು ಗಾಳಿಯ ಜೊತೆ ಸೇರಿ ಬಣ್ಣ ತಿರುಗಿಸುತ್ತವೆ. ಚೂಪಾದ ಚಾಕುವಿನಿಂದ ಅಂಥ ನಷ್ಟವೇನಿಲ್ಲ, ಮೊಂಡು ಚಾಕು ಎಲೆಯನ್ನು ಕೊಯ್ಯುವುದಕ್ಕಿಂತ ಅರೆಯುವುದೇ ಜಾಸ್ತಿ. ನಾನು ಕೈಯಲ್ಲೇ ಹರಿಯುತ್ತೇನೆ, ಅದು ಬರೀ ನನ್ನ ಇಷ್ಟ. ದಪ್ಪ ನಾರು ಎಲ್ಲಿದೆ ಅಂತ ಕೈಗೆ ಗೊತ್ತಾಗುತ್ತದೆ.

ಕಿತ್ತಳೆ ಬರುವ ಹೊತ್ತಿಗೆ

ಮಲೆನಾಡಿನಲ್ಲಿ ಲೆಟ್ಯೂಸ್ ವರ್ಷವಿಡೀ ಬೆಳೆಯುತ್ತೇನೆ ಅನ್ನುವವರ ಮಾತು ನಂಬಬೇಡಿ, ನೆರಳುಪರದೆ, ಪಾಲಿಹೌಸ್ ಇದ್ದರೆ ಬೇರೆ. ಮಳೆಗಾಲದಲ್ಲಿ ಬುಡ ಕೊಳೆಯುತ್ತದೆ. ಮಾರ್ಚ್ ದಾಟಿದರೆ ಇನ್ನೊಂದು ಕಷ್ಟ, ಸೆಕೆಗೆ ಗಿಡ ಎಲೆ ಬಿಟ್ಟು ನಡುವಿನಿಂದ ಕೋಲಿನ ಹಾಗೆ ಎದ್ದು ಹೂವಿಗೆ ಹೊರಡುತ್ತದೆ. ಇದು ಸೇವಂತಿಗೆ, ಸೂರ್ಯಕಾಂತಿಯ ಬಳಗದ ಗಿಡ, ಪುಟ್ಟ ಹಳದಿ ಹೂ ಬಿಡುತ್ತದೆ. ಹೂವಿಗೆ ಹೊರಟ ಗಿಡದಲ್ಲಿ ಹಾಲು ಜಾಸ್ತಿ, ಎಲೆ ಕಹಿ. ಬೀಜವೂ ಹಾಗೇ. ಮಣ್ಣು ತೀರಾ ಬಿಸಿಯಾಗಿದ್ದರೆ, ಸುಮಾರು 30 ಡಿಗ್ರಿ ಮೀರಿದರೆ, ಮೊಳೆಯದೆ ನಿದ್ದೆ ಹೋಗುತ್ತದೆ. ಕಡೂರಿನ ಪರಿಚಿತರೊಬ್ಬರು ಬೇಸಿಗೆಯಲ್ಲಿ ಬಿತ್ತಿ ಬೀಜದಂಗಡಿಯವರನ್ನು ಬೈಯುತ್ತಿದ್ದರು. ಪಾಪ, ಬೀಜದ ತಪ್ಪೂ ಅಲ್ಲ, ಅಂಗಡಿಯವರ ತಪ್ಪೂ ಅಲ್ಲ. ಒದ್ದೆ ಬಟ್ಟೆಯಲ್ಲಿ ಬೀಜ ಕಟ್ಟಿ ಒಂದೆರಡು ದಿನ ಫ್ರಿಡ್ಜಿನಲ್ಲಿಟ್ಟು ಬಿತ್ತಿದರೆ ಏಳುತ್ತದೆ. ಆಳಕ್ಕೆ ಹೂಳಬಾರದು, ಬೆಳಕು ಕಂಡರೆ ಮೊಳಕೆ ಚೆನ್ನಾಗಿ ಬರುತ್ತದೆ.

ನಮಗೆ ಒಳ್ಳೇ ಕಾಲ ಅಂದರೆ ನವೆಂಬರಿನಿಂದ ಫೆಬ್ರವರಿ. ಬೆಳಗಿನ ಚಳಿ, ಮಧ್ಯಾಹ್ನದ ಎಳೆ ಬಿಸಿಲು. ಕಾಫಿ ಕೊಯ್ಲಿನ ಗಡಿಬಿಡಿ ಶುರುವಾಗಿರುತ್ತದೆ. ತೋಟದ ಕಿತ್ತಳೆ ಹಣ್ಣಾಗುವುದೂ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಮೆಣಸು ಬಲಿಯುವುದೂ ಹೆಚ್ಚುಕಡಿಮೆ ಆಗಲೇ. ಸಲಾಡ್ ಅಂದ ಕೂಡಲೇ ಆಲಿವ್ ಎಣ್ಣೆ, ಬಾಲ್ಸಮಿಕ್ ವಿನೆಗರ್ ಹುಡುಕಿಕೊಂಡು ಹೋಗುವುದು ಯಾಕೆ ಅಂತ ನನ್ನ ಪ್ರಶ್ನೆ. ಕಿತ್ತಳೆ ರಸ, ಅದರಲ್ಲಿ ಹುಳಿ ಸಾಲದಿದ್ದರೆ ಅರ್ಧ ನಿಂಬೆ, ಒಂದು ಚಮಚ ಜೇನು, ಹಸಿ ಮೆಣಸಿನ ಗೊಂಚಲಿನಿಂದ ಬಿಡಿಸಿದ ಕಾಳು ಜಜ್ಜಿದ್ದು, ಕಡಲೆಕಾಯಿ ಎಣ್ಣೆ. ಸಣ್ಣ ಬಾಟಲಿಗೆ ಹಾಕಿ ಕುಲುಕಿದರೆ ಮುಗಿಯಿತು. ಹಸಿ ಮೆಣಸಿನ ಆ ಹಸುರು ಖಾರ ಒಣಗಿದ ಮೇಲೆ ಸಿಗುವುದಿಲ್ಲ. (ಮೆಣಸಿನ ಬಳ್ಳಿಯೂ ವೀಳ್ಯದೆಲೆ ಬಳ್ಳಿಯೂ ಒಂದೇ ಕುಲದವು, ಎಲೆ ನೋಡಿದರೇ ತಿಳಿಯುತ್ತದೆ.) ನಮ್ಮ ಮನೆಯಲ್ಲಿ ಇದಕ್ಕೆ ತೆಂಗಿನತುರಿ ಬೇಕು ಅನ್ನುವ ಪಕ್ಷವೊಂದಿದೆ. ನನಗೆ ಇಷ್ಟವಿಲ್ಲ, ತುರಿ ಬಿದ್ದರೆ ಅದು ಕೋಸಂಬರಿಯ ಕಡೆಗೆ ವಾಲುತ್ತದೆ, ಲೆಟ್ಯೂಸ್ ಕಳೆದುಹೋಗುತ್ತದೆ.

ಎಣ್ಣೆ ಹಾಕುವುದು ಎಲ್ಲರೂ ಕೂತ ಮೇಲೆ. ಎಲೆಯ ಮೇಲೊಂದು ಮೇಣದ ತೆಳು ಪದರ ಇರುತ್ತದೆ. ಅದು ನೀರನ್ನು ತಡೆಯುತ್ತದೆ, ಎಣ್ಣೆಯನ್ನು ತಡೆಯುವುದಿಲ್ಲ. ಎಣ್ಣೆ ಒಳಗೆ ಇಳಿದ ಎಲೆ ಬೇಗ ಕಪ್ಪಾಗಿ ಜೋಲುತ್ತದೆ. ಎಲೆ ಸೊರಗುವುದಕ್ಕೆ ಹುಳಿಯೇ ಕಾರಣ ಅಂತ ಹೆಚ್ಚಿನವರು ತಿಳಿದಿರುತ್ತಾರೆ, ಎಣ್ಣೆಯ ಪಾಲೇ ಜಾಸ್ತಿ. ಅಗಲ ಬೋಗುಣಿಗೆ ಒಣ ಎಲೆ ಹಾಕಿ, ಒಂದೆರಡು ಚಮಚ ಮಾತ್ರ ಸುರಿದು, ಕೈಯಿಂದ ಕೆಳಗಿನಿಂದ ಮೇಲಕ್ಕೆ ಹಗುರವಾಗಿ ತಿರುವಬೇಕು. ಎಲೆ ಒಣಗಿದ್ದರೆ ಅಷ್ಟು ಕಡಿಮೆ ಸಾಕಾಗುತ್ತದೆ ಅನ್ನೋದೇ ನನಗೆ ಮೊದಲು ಆಶ್ಚರ್ಯ ತಂದದ್ದು. ಪ್ರತಿ ಎಲೆಯೂ ಮಿನುಗುತ್ತದೆ. ಉಪ್ಪು ಎಲ್ಲಕ್ಕಿಂತ ಕೊನೆಗೆ. ಕೋಸಂಬರಿ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಹೊರಗಿನ ದಪ್ಪ ಎಲೆಗಳು ಉಳಿಯುತ್ತವೆ. ಅಲ್ಲಲ್ಲಿ ತೂತಾದವು, ಸೆಕೆಗೆ ಸ್ವಲ್ಪ ಕಹಿಗಟ್ಟಿದವು. ಅಮ್ಮ ಅವನ್ನು ಬಿಸಾಕಲು ಬಿಡುವುದಿಲ್ಲ. ದಂಟಿನ ಸೊಪ್ಪು, ಸಬ್ಬಸಿಗೆಯ ಜೊತೆ ಸೇರಿಸಿ ತೊಗರಿಬೇಳೆ ಹಾಕಿ ಮಸ್ಸೊಪ್ಪು ಮಾಡುತ್ತಾಳೆ. ಬೇಯಿಸಿದ ಲೆಟ್ಯೂಸಾ ಅಂತ ಹೋಂಸ್ಟೇ ನಡೆಸುವ ನೆಂಟರು ನಗುತ್ತಾರೆ, ನಕ್ಕವರೇ ಎರಡನೇ ಸಲ ಮುದ್ದೆಗೆ ಹಾಕಿಸಿಕೊಳ್ಳುತ್ತಾರೆ. ಎಲೆ ಬೇಗ ಕರಗುತ್ತದೆ, ಆದ್ದರಿಂದ ಬೇಳೆ ಬೆಂದ ಮೇಲೆ ಹಾಕಿ. ಒಗ್ಗರಣೆಗೆ ಬೆಳ್ಳುಳ್ಳಿ ಸ್ವಲ್ಪ ಜಾಸ್ತಿಯೇ ಇರಲಿ, ಕಹಿ ಗೊತ್ತಾಗುವುದಿಲ್ಲ.